ಚೊಂಬಿನ ಸುತ್ತ ತಿರುಗಿದ ಟೇಪು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಕಂದಾಗಿರುತ್ತಿತ್ತು. ಎಷ್ಟು ತೊಳೆದರೂ ಹೋಗದ ಬಣ್ಣ. ಬಾಡಿಗೆಗೆ ಮನೆ ಕೇಳಿಕೊಂಡು ಹೋದ ಮೊದಲ ದಿನ ಆ ಬೆರಳುಗಳನ್ನು ನೋಡಿ ನಶ್ಯದ ಅಭ್ಯಾಸವಿರಬೇಕು ಅಂದುಕೊಂಡೆ. ಅದು ನಶ್ಯವಲ್ಲ, ಹಳೆಯ ಟೇಪಿನಿಂದ ಉದುರುವ ಪುಡಿ ಎಂದು ಗೊತ್ತಾಗಲು ಕೆಲವು ವಾರ ಬೇಕಾಯಿತು.

ಹಗರೆಯ ಶಾಲೆಯಿಂದ ಅರಸೀಕೆರೆಗೆ ವರ್ಗವಾಗಿ ಬಂದಿದ್ದ ನನಗೆ ಅವರು ತಮ್ಮ ಮನೆಯ ಪಕ್ಕದ ಎರಡು ಕೋಣೆ ಬಿಟ್ಟುಕೊಟ್ಟರು. ಊರಿಗೆ ಅವರು ಕೊಬ್ಬರಿ ಮಂಡಿಯ ಸಾಹುಕಾರರು, ನನಗೆ ಯಜಮಾನರು. ಅವರ ಹೆಂಡತಿಯನ್ನು ಅಮ್ಮ ಎನ್ನುತ್ತಿದ್ದೆ. ಅವರ ಮನೆಗೂ ನನ್ನ ಕೋಣೆಗಳಿಗೂ ಸೇರಿ ಮೇಲೆ ಒಂದೇ ಅಟ್ಟ, ಅದರ ತುಂಬ ಉಂಡೆ ಕೊಬ್ಬರಿಗೆಂದು ಬಿಟ್ಟ ಕಾಯಿ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಕಾಯಿ ಲೊಡಲೊಡ ಎನ್ನುತ್ತದೆ. ಯಜಮಾನರ ಹುಚ್ಚು ಹುಟ್ಟಿದ್ದೇ ಆ ಸದ್ದಿನಿಂದ.

ಬಾಗಿಲು ಹಾಕಿದ ಯಾವುದೋ ನಾಟಕ ಕಂಪನಿಯಿಂದ ಅವರು ದೊಡ್ಡ ಚಕ್ರಗಳ ಟೇಪ್ ರೆಕಾರ್ಡರುಗಳನ್ನೂ ದನಿಗೆ ಮಾರ್ದನಿ ಕೊಡುವ ಒಂದು ಪೆಟ್ಟಿಗೆಯನ್ನೂ ಕೊಂಡು ತಂದಿದ್ದರು. ಸದ್ದು ತುಂಬಿದ ಟೇಪಿನ ತುಂಡೊಂದನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುದಿಗಳನ್ನೂ ಸೇರಿಸಿ ಅಂಟಿಸುತ್ತಿದ್ದರು. ಅದು ದೊಡ್ಡ ಬಳೆಯಾಗುತ್ತಿತ್ತು. ಯಂತ್ರದಲ್ಲಿ ಹಿಡಿಸದಷ್ಟು ಉದ್ದವಾದರೆ ಸ್ಟೂಲಿನ ಮೇಲೆ ಹಿತ್ತಾಳೆ ಚೊಂಬಿಟ್ಟು ಅದರ ಸುತ್ತ ಬಳಸಿ ತರುತ್ತಿದ್ದರು. ಟೇಪು ಸುತ್ತುತ್ತಲೇ ಇರುತ್ತಿತ್ತು, ಅದೇ ತುಣುಕು ಮತ್ತೆ ಮತ್ತೆ ಕೇಳುತ್ತಿತ್ತು. ಒಂದರಲ್ಲಿ ಅಟ್ಟದ ಕಾಯಿ, ಇನ್ನೊಂದರಲ್ಲಿ ಜಂಕ್ಷನ್ನಿನ ರೈಲು, ಮತ್ತೊಂದರಲ್ಲಿ ಮಠದ ಹಾರ್ಮೋನಿಯಂನ ಒಂದೇ ಒಂದು ಸ್ವರ. ಎಲ್ಲವನ್ನೂ ನಿಧಾನ ಮಾಡಿ ಒಟ್ಟಿಗೆ ಬಿಟ್ಟರೆ ಮನೆಯ ತುಂಬ ಏನೋ ಒಂದು ಹರಡಿಕೊಳ್ಳುತ್ತಿತ್ತು. ಮೊದಲ ಸಲ ಕೇಳಿದಾಗ ಹಾಡು ಯಾವಾಗ ಶುರುವಾಗುತ್ತದೆ ಎಂದು ಕೇಳಿದೆ.

"ಶುರುವೂ ಇಲ್ಲ, ಕೊನೇನೂ ಇಲ್ಲ ಮೇಡಂ," ಅಂದರು. "ಮನೇಲಿ ಗಾಳಿ ಆಡಲ್ವಾ, ಹಂಗೆ ಆಡ್ತಿರ್ತೈತೆ ಅಷ್ಟೆ. ನೀವು ನಿಮ್ ಕೆಲಸ ನೋಡ್ಕಳಿ, ಅದು ಅದರ ಕೆಲಸ ನೋಡ್ಕಳ್ತದೆ."

ಅಮ್ಮನಿಗೆ ಇದೆಲ್ಲ ತಮಾಷೆಯ ವಸ್ತುವಾಗಿತ್ತು. ಒಮ್ಮೆ ಯಜಮಾನರು ಬೇಲೂರಿಗೆ ಹೋದವರು ಬಸ್ ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿಯ ಮುಂದೆ ನಿಂತು, ಅದರ ಸದ್ದು ತುಂಬಿಕೊಂಡು, ಹಾಗೆಯೇ ವಾಪಸಾದರು. "ಕೆತ್ತನೆ ನೋಡಕ್ಕೆ ಜನ ಎಲ್ಲೆಲ್ಲಿಂದಲೋ ಬತ್ತಾರೆ, ಇವರು ಗಿರಣಿ ನೋಡ್ಕಂಡು ಬಂದವ್ರೆ ಕಣಮ್ಮ," ಎಂದು ಅಮ್ಮ ನನ್ನೆದುರೇ ನಕ್ಕರು. ಮರುದಿನ ಅದೇ ಗಿರಣಿ ನಿಧಾನವಾಗಿ ಹೊರಳುತ್ತಿದ್ದಾಗ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು ಕೂತಿದ್ದವರೂ ಅಮ್ಮನೇ.

ಆ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರಾ ನಿಂತಿತು. ಆಸ್ಪತ್ರೆ, ಮಾಲೀಸು, ಹರಕೆ, ಯಾವುದೂ ಒಂದು ಅಕ್ಷರವನ್ನು ವಾಪಸು ತರಲಿಲ್ಲ. ಮನೆ ತುಂಬ ಮಾತಾಡುತ್ತಿದ್ದ ಹೆಂಗಸು ನಡುಮನೆಯ ಮಂಚದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುವುದನ್ನು ನೋಡಲಾಗುತ್ತಿರಲಿಲ್ಲ. ಯಜಮಾನರು ಮಂಡಿಯನ್ನು ಅಳಿಯನಿಗೆ ಬಿಟ್ಟು ಮನೆಯಲ್ಲೇ ಉಳಿದರು. ಮುಖ ತೊಳೆಸುವುದು, ತಲೆ ಬಾಚುವುದು, ಗಂಜಿ ಕುಡಿಸುವುದು ಎಲ್ಲ ಅವರೇ.

ಒಂದು ಸಂಜೆ ಅವರು ಹಳೆಯದೊಂದು ಟೇಪಿನ ಬಳೆಯನ್ನು ಹುಡುಕಿ ಹಾಕಿದರು. ಬಹಳ ಹಿಂದೆ ಅಟ್ಟದ ಕಾಯಿಗಳ ಸದ್ದು ಹಿಡಿಯುತ್ತಿದ್ದಾಗ, ಕೆಳಗೆ ಕೊಬ್ಬರಿ ಆರಿಸುತ್ತ ಕೂತಿದ್ದ ಅಮ್ಮ ತಮ್ಮ ಪಾಡಿಗೆ ಗುನುಗಿದ್ದು ಅದರಲ್ಲಿ ಸೇರಿಕೊಂಡಿತ್ತು. ಲೊಡಲೊಡ ಕಾಯಿ, ಅದರ ಹಿಂದೆ ಪದವಿಲ್ಲದ ಒಂದು ಸಣ್ಣ ಧಾಟಿ, ಆಮೇಲೆ ಮೈಕಿನ ಪಕ್ಕದಲ್ಲೇ ಯಜಮಾನರ ಗಟ್ಟಿ ದನಿ: "ಸುಮ್ನಿರೇ." ರೆಕಾರ್ಡಿಂಗ್ ಕೆಡುತ್ತದೆಂದು ಅವರು ಅವತ್ತು ಹೆಂಡತಿಯನ್ನು ಗದರಿದ್ದರು. ಮತ್ತೆ ಕಾಯಿ, ಮತ್ತೆ ಧಾಟಿ, ಮತ್ತೆ ಸುಮ್ನಿರೇ.

ಅಮ್ಮ ತಲೆಯೆತ್ತಿದರು. ಯಜಮಾನರು ಟೇಪು ನಿಲ್ಲಿಸಿದಾಗ ಎಡಗೈಯಿಂದ ಮಂಚ ಬಡಿದರು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚುವ ಮುಂಚೆ ಮಂಚ ಬಡಿಯುವ ಸದ್ದು ನನ್ನ ಕೋಣೆಗೂ ಕೇಳುತ್ತಿತ್ತು. ಚೊಂಬಿನ ಸುತ್ತ ಟೇಪು ತಿರುಗಲು ಶುರುವಾದ ಮೇಲೆಯೇ ಅದು ನಿಲ್ಲುತ್ತಿತ್ತು.

ಯಜಮಾನರಿಗೆ ಇದರಿಂದ ಸಂತೋಷವಾಗಲಿಲ್ಲ, ಸಂಕಟವಾಯಿತು. ಒಂದು ದಿನ ನಾನು ಸಾರು ಕೊಡಲು ಹೋದಾಗ ಯಂತ್ರ ಒರೆಸಿದ ಹತ್ತಿಯನ್ನು ನನ್ನ ಮುಂದೆ ಹಿಡಿದರು. ಹತ್ತಿಯ ತುಂಬ ಕಂದು ಪುಡಿ.

"ಟೇಪು ಸವೀತಾ ಐತೆ ಮೇಡಂ. ಇದು ಅವಳ ದನಿ ತಾನೇ? ದಿನಾ ಇಷ್ಟಿಷ್ಟು ಒರೆಸಿ ಬಿಸಾಕ್ತಾ ಇದೀನಿ. ಹಾಕಿದ್ರೆ ಹಾಳಾಯ್ತದೆ, ಹಾಕ್ದಿದ್ರೆ ಮಂಚ ಬಡೀತಾಳೆ. ಏನ್ ಮಾಡ್ಲಿ ಹೇಳಿ?"

ಅವರು ಮುಖ ತಿರುಗಿಸಿಕೊಂಡು ಇನ್ನೂ ಒಂದು ಮಾತು ಸೇರಿಸಿದರು. "ಇದ್ದ ದನಿ ಕೇಳಣಾ ಅಂದ್ರೆ, ಅದ್ರೊಳಗೂ ನಾನು ಸುಮ್ನಿರು ಅಂತ ಗದರ್ತಾ ಕೂತಿದೀನಿ. ದೇವರು ಆ ಮಾತನ್ನೇ ನಡೆಸಿಕೊಟ್ಬಿಟ್ಟ." ಆ ಒಂದು ಮಾತನ್ನು ಕತ್ತರಿಸಿ ತೆಗೆಯೋಣವೆಂದರೆ ಟೇಪು ಒಣಗಿ ಪುಡಿಪುಡಿಯಾಗಿತ್ತು, ಬ್ಲೇಡು ತಾಗಿಸಿದರೆ ಇಡೀ ಬಳೆಯೇ ಹರಿಯುವ ಹಾಗಿತ್ತು.

ಮೂಲ ರೆಕಾರ್ಡಿಂಗಿನ ಚಕ್ರವೊಂದಿದೆ, ಅದರಿಂದ ಹೊಸ ಬಳೆ ಮಾಡಬಹುದು ಎಂಬ ಧೈರ್ಯ ಅವರಿಗೆ ಅಟ್ಟ ಹತ್ತಿ ನೋಡುವವರೆಗೂ ಇತ್ತು. ಬೆಲೆಬಾಳುವ ಟೇಪುಗಳನ್ನೆಲ್ಲ ಅವರು ಅಟ್ಟದಲ್ಲಿ ಇಟ್ಟಿದ್ದರು. "ವರ್ಷಗಟ್ಲೆ ಕೊಬ್ಬರಿ ಕೆಡದ ಜಾಗ, ಅಲ್ಲಿ ಟೇಪು ಕೆಡ್ತದಾ?" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಕೊಬ್ಬರಿಯವರ ಲೆಕ್ಕಾಚಾರ. ಒಲೆಯ ಹೊಗೆ, ಬಿಸಿ, ಕೊಬ್ಬರಿಯ ಜಿಡ್ಡು, ಕಾಯಿಗೆ ಒಳ್ಳೆಯದಾದದ್ದೆಲ್ಲ ಟೇಪಿಗೆ ವಿಷವಾಗಿತ್ತು. ಡಬ್ಬ ತೆರೆದಾಗ ಸುರುಳಿ ಒಂದಕ್ಕೊಂದು ಅಂಟಿ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿತ್ತು. ಎಳೆದರೆ ಟೇಪಿನ ಮೈಯೇ ಕಿತ್ತು ಬರುತ್ತಿತ್ತು. ಅವರು ಏಣಿಯ ಕೆಳಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ನಾನು ಕಾಫಿ ಮಾಡಿ ತಂದೆ. ಅದು ಆರಿಹೋಯಿತು.

ಆಗ ನಾನು ಫೋನಿನಲ್ಲಿ ಹಿಡಿದುಕೊಳ್ಳೋಣ ಎಂದೆ. ಯಜಮಾನರು ಒಪ್ಪಿದರು, ಆದರೆ ಕೈ ಮುಗಿಯುವವರ ಹಾಗೆ ಕೇಳಿಕೊಂಡರು. "ನಿಮ್ ಫೋನ್ನಲ್ಲಿ ಕತ್ತರಿಸಬಹುದಲ್ವಾ? ನನ್ ಮಾತು ತೆಗೆದುಬಿಡಿ. ಅವಳ ದನಿ ಮಾತ್ರ ಇರ್ಲಿ." ಹಾಗೆಯೇ ಮಾಡಿದೆ. ಕಾಯಿ ಮತ್ತು ಗುನುಗು, ಅಷ್ಟೇ ಉಳಿಯಿತು. ಅಮ್ಮನ ಕಿವಿಯ ಹತ್ತಿರ ಹಿಡಿದಾಗ ಸ್ವಲ್ಪ ಹೊತ್ತು ಕೇಳಿದರು, ಕಾದರು, ಆಮೇಲೆ ಫೋನನ್ನು ತಳ್ಳಿ ಗೋಡೆಯ ಕಡೆ ತಿರುಗಿದರು. ಮತ್ತೆ ಮಂಚ ಬಡಿತ. ಅವರಿಗೆ ಫೋನು ಹಿಡಿಸಲಿಲ್ಲ, ತಿರುಗುವ ಚಕ್ರ ಕಣ್ಣಿಗೆ ಕಾಣಬೇಕು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಯಜಮಾನರು ನಿಟ್ಟುಸಿರು ಬಿಟ್ಟು ಚೊಂಬಿಗೆ ಟೇಪು ಬಳಸಿದರು.

ಈ ವರ್ಷ ಮಾಗಿಯ ಚಳಿಯಲ್ಲಿ ಯಜಮಾನರು ತೀರಿಕೊಂಡರು. ಬೆಳಗ್ಗೆ ಅಮ್ಮನಿಗೆ ಗಂಜಿ ಕುಡಿಸಿ, ಎದೆ ಹಿಡಿದುಕೊಂಡು ಅದೇ ಮಂಚದ ತುದಿಗೆ ಕೂತವರು ಏಳಲಿಲ್ಲ. ಗಂಡಸಿ ದಾರಿಯಲ್ಲಿರುವ ಅವರ ತೆಂಗಿನ ತೋಟದಲ್ಲಿ ಸಮಾಧಿ ಮಾಡಿದರು. ಮಗಳು ಅಮ್ಮನನ್ನು ನೋಡಿಕೊಳ್ಳಲು ಇಲ್ಲಿಯೇ ಬಂದು ನಿಂತಳು.

ಕಾರ್ಯವೆಲ್ಲ ಮುಗಿದ ಮೇಲೊಂದು ಸಂಜೆ ಮಂಚ ಬಡಿಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮಗಳು ಟೇಪನ್ನು ಕೈಯಲ್ಲಿ ಹಿಡಿದು ಅಳುತ್ತಿದ್ದಳು. "ನನಗೆ ಹಾಕಕ್ಕೆ ಬರಲ್ಲ ಅಕ್ಕ." ಯಜಮಾನರು ಮಾಡುತ್ತಿದ್ದುದನ್ನು ನೆನೆದು ನೆನೆದು ನಾನು ಟೇಪನ್ನು ಚೊಂಬಿನ ಸುತ್ತ ಬಳಸಿ ಯಂತ್ರಕ್ಕೆ ಕೂಡಿಸಿದೆ. ಚಕ್ರ ತಿರುಗಿತು. ಕಾಯಿಯ ಸದ್ದಿಲ್ಲ. ಗುನುಗೂ ಇಲ್ಲ, ಪೂರ್ತಿ ಸವೆದುಹೋಗಿತ್ತು. ಬರೀ ಸುಸ್ ಎನ್ನುವ ಸದ್ದು. ಅಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಮೈಕಿನ ಪಕ್ಕದಲ್ಲೇ ಆಡಿದ್ದರಿಂದ ಉಳಿದುಕೊಂಡ ಆ ಒಂದು ಮಾತು ಬಂತು, "ಸುಮ್ನಿರೇ."

ಅಮ್ಮನ ಎಡಗೈ ಮಂಚದ ಮೇಲೆ ಸಡಿಲವಾಯಿತು. ಬಾಯಿಯ ಒಂದು ಪಕ್ಕ ನಕ್ಕಿತು. ಟೇಪು ಒಂದು ಸುತ್ತು ಬರುವಷ್ಟು ಹೊತ್ತು ಕಾದರು, ಮಾತು ಬಂತು, ಮತ್ತೆ ನಕ್ಕರು. ಇಷ್ಟು ದಿನವೂ ಅವರು ತಮ್ಮ ದನಿಯನ್ನು ಕೇಳುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ಈಗ ಅದನ್ನೂ ಫೋನಿನಲ್ಲಿ ಹಿಡಿದಿಟ್ಟಿದ್ದೇನೆ, ಏನನ್ನೂ ಕತ್ತರಿಸದೆ. ಫೋನಿನಲ್ಲಿ ಹಾಕಿದರೂ ಅಮ್ಮ ಕೇಳುತ್ತಾರೆ, ತಳ್ಳುವುದಿಲ್ಲ. ಆದರೂ ಸಂಜೆ ಶಾಲೆಯಿಂದ ಬಂದ ಮೇಲೆ ನಾನು ಟೇಪನ್ನೇ ಹಾಕುತ್ತೇನೆ, ಆಮೇಲೆ ಯಂತ್ರ ಒರೆಸುತ್ತೇನೆ. ನನ್ನ ಬೆರಳ ತುದಿಗಳೂ ಈಗ ಕಂದಾಗಿವೆ. ತೋಟದ ದಾರಿಯಲ್ಲಿ ಬಸ್ಸು ಹೋಗುವಾಗಲೆಲ್ಲ ಇಳಿದು ಹೇಳಿ ಬರಬೇಕು ಎನ್ನಿಸುತ್ತದೆ: ಯಜಮಾನ್ರೇ, ನೀವು ತೆಗೆಸಿದ ಮಾತೇ ಅಮ್ಮನಿಗೆ ಬೇಕಾಗಿತ್ತು.