ಘಾಟಿಯ ಮಣ್ಣು, ಸಿದ್ದಾಪುರದ ನೀರು

ಪ್ರವಾಸದಲ್ಲಿ ಅಪಾಯವಿದೆ ಎಂದು ನನಗೆ ಬುದ್ಧಿ ಹೇಳಲು ಬಂದವರಲ್ಲಿ ಮುಕ್ಕಾಲು ಪಾಲು ಜನ ಊರು ಬಿಟ್ಟು ಹೋದದ್ದು ಎರಡೇ ಕಾರಣಕ್ಕೆ: ಮದುವೆಗೆ, ಇಲ್ಲವೇ ದೇವರಿಗೆ. ಹೋದದ್ದೂ ನಾವು ಹೋದ ಘಾಟಿಯಲ್ಲೇ. ಅದೇ ತಿರುವು, ಅದೇ ಪ್ರಪಾತ, ಅದೇ ಸವೆದ ಟೈರು. ಆದರೆ ಮದುವೆ ದಿಬ್ಬಣದ ಬಸ್ಸು ಹತ್ತುವ ಹುಡುಗಿಗೆ ಯಾರೂ ಒಪ್ಪಿಗೆ ಪತ್ರ ಕೊಟ್ಟು, ಅಪ್ಪನ ರುಜು ಹಾಕಿಸಿಕೊಂಡು ಬಾ ಎನ್ನುವುದಿಲ್ಲ. ಅವಳೇ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಬಸ್ಸು ಹತ್ತಿದರೆ ಮಾತ್ರ ಘಾಟಿ ಇದ್ದಕ್ಕಿದ್ದಂತೆ ಅಪಾಯಕಾರಿಯಾಗಿಬಿಡುತ್ತದೆ. ಇಷ್ಟು ವರ್ಷ ಭೂಗೋಳ ಪಾಠ ಮಾಡಿದರೂ ಈ ಒಂದು ವಿದ್ಯಮಾನಕ್ಕೆ ನನಗೆ ಯಾವ ಪುಸ್ತಕದಲ್ಲೂ ವಿವರಣೆ ಸಿಗಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಭೂಗೋಳದ ಅಧ್ಯಾಪಕಿ. ಇಡೀ ವಿಭಾಗವೆಂದರೆ ನಾನು, ಒಂದು ಗ್ಲೋಬು ಮತ್ತು ಗೋಡೆಗೆ ತೂಗುಹಾಕುವ ಏಳು ನಕ್ಷೆಗಳು. ಮೊದಲ ವರ್ಷದ ಮೊದಲ ಪಾಠವನ್ನು ನಾನು ತರಗತಿಯಲ್ಲಿ ಮಾಡುತ್ತಿರಲಿಲ್ಲ. ಹುಡುಗಿಯರನ್ನು ಬನಶಂಕರಿಯ ದಿಣ್ಣೆಗೆ ನಡೆಸಿಕೊಂಡು ಹೋಗಿ, ರಸ್ತೆಯ ನಡುವೆ ಒಂದು ಚೆಂಬು ನೀರು ಸುರಿಯುತ್ತಿದ್ದೆ. ಪಶ್ಚಿಮಕ್ಕೆ ಹರಿದದ್ದು ವೃಷಭಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಪೂರ್ವಕ್ಕೆ ಹರಿದದ್ದು ಕೆರೆಯಿಂದ ಕೆರೆಗೆ ಇಳಿದು ಪಿನಾಕಿನಿಗೆ ಹೋಗುತ್ತದೆ, ನೀವು ನಿಂತಿರುವುದು ಎರಡು ನದಿಗಳ ನಡುವಿನ ಗೋಡೆಯ ಮೇಲೆ ಎನ್ನುತ್ತಿದ್ದೆ. ಸೈಕಲ್ಲಿನವರು ನಿಂತು ನೋಡಿ, ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಆ ವರ್ಷ ಒಬ್ಬ ಹುಡುಗಿ ಅಲ್ಲೇ ಕೈಯೆತ್ತಿ ಕೇಳಿದಳು: "ಮಿಸ್, ನಮ್ಮನೆ ಮುಂದಿನ ಮೋರಿ ಯಾವ ಸಮುದ್ರಕ್ಕೆ ಹೋಗತ್ತೆ?"

ಅವಳ ಮನೆ ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಕೆರೆಯ ನೀರು ಇಳಿದು ಬರುವ ಕಡೆ. ಅಪ್ಪ ಮನೆ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಅಮ್ಮ ಮನೆಯಲ್ಲೇ ಕೂತು ಊದುಬತ್ತಿ ಹೊಸೆದು ಅವಳನ್ನು ಓದಿಸುತ್ತಿದ್ದರು. ಬಂಗಾಳ ಕೊಲ್ಲಿಗೆ ಎಂದೆ. "ನಮ್ಮ ಮೋರಿ ನೀರೇ ಸಮುದ್ರ ನೋಡಿದೆ, ನಾನ್ ನೋಡಿಲ್ಲ ಮಿಸ್," ಎಂದಳು. ಎಲ್ಲರೂ ನಕ್ಕರು. ನಾನು ಮಾತ್ರ, ಡಿಗ್ರಿ ಮುಗಿಯುವುದರೊಳಗೆ ಇವಳಿಗೆ ಕಡಲು ತೋರಿಸದಿದ್ದರೆ ನಾನು ಭೂಗೋಳದ ಮೇಷ್ಟ್ರೇ ಅಲ್ಲ ಎಂದುಕೊಂಡೆ.

ಮರುವರ್ಷ ದಸರಾ ರಜೆಯಲ್ಲಿ ಒಂದು ಬಸ್ಸು ಮಾಡಿಕೊಂಡು, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದೆಂದು ಹೊರಟೆವು. ನನ್ನ ಬಸ್ಸಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹಾಡು, ಅಂತ್ಯಾಕ್ಷರಿ ಎಲ್ಲ ಬಯಲುಸೀಮೆಯಲ್ಲೇ ಮುಗಿಯಬೇಕು. ಘಾಟಿ ಶುರುವಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕಾವಲು: ಒಬ್ಬಳು ಬಂಡೆ ನೋಡಬೇಕು, ಒಬ್ಬಳು ಮರ, ಒಬ್ಬಳು ಮಣ್ಣಿನ ಬಣ್ಣ. ತಿರುವು ಬಂದಾಗಲೆಲ್ಲ ಬರೆದುಕೊಳ್ಳಬೇಕು. ಸಿದ್ದಾಪುರದ ಹುಡುಗಿಗೆ ರಸ್ತೆ ಬದಿಯ ನೀರನ್ನು ವಹಿಸಿದ್ದೆ.

ಮಳೆಗಾಲ ಮುಗಿದಿದ್ದರೂ ಅಂದು ಮಳೆ ಬಿಟ್ಟಿರಲಿಲ್ಲ. ಅರ್ಧ ಘಾಟಿ ಇಳಿದಿದ್ದೆವೋ ಏನೋ, ಅವಳು ಸೀಟಿನಿಂದ ಎದ್ದು ಕೂಗಿದಳು. "ಮಿಸ್, ನೀರು ಬದಲಾಯ್ತು! ಹಿಂದಿನ ಮೂರು ತಿರುವಲ್ಲಿ ತಿಳಿಯಾಗಿತ್ತು. ಇಲ್ಲಿ ಕೆಂಪಗೆ ಬರ್ತಿದೆ, ಗೋಡೆ ಒಳಗಿಂದ ಬರ್ತಿದೆ." ಬಗ್ಗಿ ನೋಡಿದೆ. ಗುಡ್ಡ ಕಡಿದ ಜಾಗದಲ್ಲಿ ಕಲ್ಲಿನ ಸಂದಿಯಿಂದ ರಾಗಿ ಅಂಬಲಿಯಂಥ ನೀರು ಒಸರುತ್ತಿತ್ತು, ಜೊತೆಗೆ ಸಣ್ಣ ಸಣ್ಣ ಕಲ್ಲು. ಬಸ್ಸು ನಿಲ್ಲಿಸಿ ಎಂದೆ.

"ಏನಿಲ್ಲ ಮೇಡಂ, ಮಳೇಲಿ ಇದೆಲ್ಲಾ ಇದ್ದಿದ್ದೇ," ಎಂದ ಡ್ರೈವರು.

"ಇದ್ದಿದ್ದೋ ಇಲ್ದಿದ್ದೋ, ಮೊದಲು ನಿಲ್ಸಿ. ಹಿಂದಕ್ಕೆ ತಗೊಳ್ಳಿ."

ಅವನು ಗೊಣಗುತ್ತಲೇ ಬಸ್ಸನ್ನು ಹಿಂದಿನ ಅಗಲವಾದ ಜಾಗಕ್ಕೆ ತಂದ. ಹತ್ತು ನಿಮಿಷವೂ ಆಗಿರಲಿಲ್ಲ, ನಮ್ಮ ಕಣ್ಣೆದುರೇ ಆ ತಿರುವಿನ ಗುಡ್ಡ ಮರಗಳ ಸಮೇತ ರಸ್ತೆಗೆ ಕುಸಿದು ಕೆಳಗೆ ಹೋಯಿತು. ಡ್ರೈವರು ಇಂಜಿನ್ ಆರಿಸಿ, ಸ್ಟೀರಿಂಗಿಗೆ ಹಣೆ ಮುಟ್ಟಿಸಿ, ಆಮೇಲೆ ಹಿಂದಕ್ಕೆ ತಿರುಗಿ ಆ ಹುಡುಗಿಯನ್ನು ಕೇಳಿದ. "ಯಾವೂರಮ್ಮ ನಿಂದು?" ಅವಳು ಸಿದ್ದಾಪುರ ಎಂದಳು. ಮಲೆನಾಡಿನ ಸಿದ್ದಾಪುರವೆಂದೇ ಅವನು ತಿಳಿದಿರಬೇಕು.

ವಾಪಸು ಹತ್ತಿ ಘಾಟಿಯ ತಲೆಯ ಹಳ್ಳಿ ಸೇರಿದೆವು. ಅಲ್ಲಿಂದಾಚೆಗೂ ರಸ್ತೆಗೆ ಮರ ಬಿದ್ದಿತ್ತು, ಕಂಬಗಳು ಮಲಗಿದ್ದವು, ಫೋನೂ ಇಲ್ಲ ತಂತಿಯೂ ಇಲ್ಲ. ಎರಡು ದಿನ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿದ್ದೆವು. ಊರಿನವರು ಅಕ್ಕಿ ಕೊಟ್ಟರು, ನಾವು ಬೇಯಿಸಿಕೊಂಡೆವು. ಕುಸಿದ ಜಾಗಕ್ಕೆ ಸುರಕ್ಷಿತವಾದ ಕಡೆಯಿಂದ ಹೋಗಿ, ನೋಡಿ, ಚಿತ್ರ ಬರೆದೆವು. ವ್ಯೂ ಪಾಯಿಂಟಿನಲ್ಲಿ ಐದು ನಿಮಿಷ ನಿಂತು, ಕಡಲೆಕಾಯಿ ತಿಂದು, 'ನೋಡಿ ಬಂದೆವು' ಎನ್ನುವ ಪ್ರವಾಸಿಗಳಿಗೆ ಯಾವ ಗುಡ್ಡವೂ ತನ್ನ ಹೊಟ್ಟೆಯೊಳಗಿನದನ್ನು ತೋರಿಸುವುದಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ನಮ್ಮ ಪಾಠ ಶುರುವಾಗುವುದು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಕಡಲು ಮಾತ್ರ ಸಿಗಲಿಲ್ಲ. ಮೂರನೆಯ ದಿನ ರಸ್ತೆ ಬಿಟ್ಟಾಗ ಸೀದಾ ಬೆಂಗಳೂರಿಗೆ ಬಂದೆವು. ದಾರಿಯಲ್ಲಿ ನಾನು ಕೊಟ್ಟ ತಂತಿ ನಮಗಿಂತ ತಡವಾಗಿ ಬಂತು.

ಕಾಲೇಜಿನ ಗೇಟಿನಲ್ಲಿ ಹಿಂದಿನ ದಿನದಿಂದ ಕಾದಿದ್ದ ತಂದೆ ತಾಯಂದಿರು. ಎಲ್ಲರಿಗಿಂತ ಮುಂದೆ ನುಗ್ಗಿ ಬಂದದ್ದು ಸಿದ್ದಾಪುರದ ಆ ತಾಯಿ, ಊದುಬತ್ತಿಯ ಕರಿ ಹಿಟ್ಟು ಹಿಡಿದ ಕೈಯಲ್ಲೇ. ಮಗಳನ್ನು ಬಾಚಿ ತಬ್ಬಿಕೊಂಡು, ಅವಳ ಹೆಗಲ ಮೇಲಿಂದ ನನ್ನನ್ನು ನೋಡಿ ಕೂಗಿದರು: "ನಿಮಗೆ ಮಕ್ಳಿದ್ದಿದ್ರೆ ಗೊತ್ತಾಗ್ತಿತ್ತು ಮೇಡಂ!"

ಗುಡ್ಡ ಬಿದ್ದಾಗ ನಡುಗದವಳು ಆ ಮಾತಿಗೆ ನಡುಗಿದೆ. ನನಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಅದನ್ನು ಊರೆದುರು ಹೇಳಿಸಿಕೊಳ್ಳಬೇಕಾಯಿತು. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ.

ವಾರದ ನಂತರ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕರೆಸಿದರು. ಹೆಣ್ಣುಮಕ್ಕಳನ್ನು ಇಂಥ ಪ್ರವಾಸಕ್ಕೆ ಕರೆದೊಯ್ದದ್ದು ನನ್ನ ತಪ್ಪು ಎಂದು ಬರೆದುಕೊಡಬೇಕಂತೆ. ನಾನು ನಕ್ಷೆ ಸಮೇತ ನಾಲ್ಕು ಪುಟ ಬರೆದುಕೊಟ್ಟೆ. ಘಾಟಿ ಇಳಿಯುವ ಮುನ್ನ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡದೆ ಇದ್ದದ್ದು ನನ್ನ ತಪ್ಪು, ಹೋದದ್ದು ತಪ್ಪಲ್ಲ, ಹೋಗಿ ನೋಡಲು ಕಲಿತ ಒಬ್ಬ ಹುಡುಗಿಯಿಂದಲೇ ಎಲ್ಲರೂ ಬದುಕಿ ಬಂದೆವು ಎಂದು ಕೊನೆಗೆ ಸೇರಿಸಿದೆ. ಅವರು ಅದನ್ನು ಓದದೆ ಡ್ರಾಯರಿಗೆ ಹಾಕಿದರು. "ಸಮುದ್ರ ತಾನೇ ಮೇಡಂ? ಸ್ಲೈಡ್ ತರಿಸಿ ತೋರಿಸಿ ಬಿಡಿ," ಎಂದರು. ಮೈಯೆಲ್ಲ ಉರಿದುಹೋಯಿತು. ಮರುದಿನ ನೋಟೀಸು ಬೋರ್ಡಿನಲ್ಲಿ, ವಿದ್ಯಾರ್ಥಿನಿಯರ ಸುರಕ್ಷತೆಯ ದೃಷ್ಟಿಯಿಂದ ಪ್ರವಾಸಗಳನ್ನು ನಿಲ್ಲಿಸಲಾಗಿದೆ ಎಂದು ಅಂಟಿಸಿದ್ದರು. ಆ ತಿಂಗಳ ಕೊನೆಗೆ ಕಾರ್ಯದರ್ಶಿಗಳು ಸಂಸಾರ ಸಮೇತ ಯಾತ್ರೆಗೆ ಹೋಗಿ ಬಂದು ಎಲ್ಲರಿಗೂ ಪ್ರಸಾದ ಹಂಚಿದರು. ನಾನೂ ತಿಂದೆ, ಪ್ರಸಾದದ ಮೇಲೇಕೆ ಸಿಟ್ಟು.

ಮುಂದಿನ ಮಳೆಗಾಲ ಆ ಹುಡುಗಿಯದು ಫೈನಲ್ ಇಯರ್. ಒಂದು ಜೋರು ಮಳೆಯಾದ ಮೇಲೆ ಎರಡು ದಿನ ಅವಳು ಕಾಲೇಜಿಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಅವಳ ನೋಟ್‌ಬುಕ್ಕುಗಳು ನೆನೆದು ಒಣಗಿ ಉಬ್ಬಿದ್ದವು. ಮೋರಿ ಕಟ್ಟಿಕೊಂಡು ನೀರು ಮನೆಗಳಿಗೆ ನುಗ್ಗಿತ್ತು. ಅವಳು ಮಲಗುವ ಕಡೆಯ ಗೋಡೆ ಬಿದ್ದಿತ್ತು. ಅಮ್ಮ ಹೊಸೆದು ಒಣಗಲು ಇಟ್ಟಿದ್ದ ಬತ್ತಿಯೆಲ್ಲ ಕರಗಿ ಕಪ್ಪು ಕೆಸರಾಗಿತ್ತು. ಅಳುತ್ತಾಳೆ ಎಂದುಕೊಂಡೆ. ಅವಳು ಒಂದು ಹಾಳೆ ತೆಗೆದು ನನ್ನ ಮೇಜಿನ ಮೇಲೆ ಹರಡಿದಳು. ತಮ್ಮ ಬೀದಿಯ ನಕ್ಷೆ. ಪ್ರತಿ ಮನೆಯ ಗೋಡೆಯಲ್ಲಿ ನೀರು ಎಲ್ಲಿವರೆಗೆ ನಿಂತಿತ್ತೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ಹೊಸ್ತಿಲು, ಮೊಣಕಾಲು, ಸೊಂಟ ಎಂದು ಬರೆದಿದ್ದಳು. ಯಾರೂ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ.

"ಘಾಟೀಲಿ ನಮಗೇನೂ ಆಗ್ಲಿಲ್ಲ ಮಿಸ್. ಮನೇಲಿದ್ದಾಗ ಗೋಡೆ ಬಿತ್ತು," ಎಂದಳು.

ಆ ಹಾಳೆ ಹಿಡಿದುಕೊಂಡೇ ಕಾರ್ಯದರ್ಶಿಗಳ ಕೋಣೆಗೆ ಹೋದೆ. ದಸರಾಕ್ಕೆ ಬಸ್ಸು ಮಾಡಲು ಅನುಮತಿ ಕೊಡಿ, ಇಲ್ಲವೇ ಸಿದ್ದಾಪುರದಲ್ಲಿ ಮನೆಯೊಳಗೆ ಇರುವುದನ್ನೂ ನೋಟೀಸು ಹಾಕಿ ನಿಲ್ಲಿಸಿ ಎಂದೆ. ಅವರಿಗೆ ನನ್ನ ಕಾಟ ಸಾಕಾಗಿತ್ತು. ಕೊನೆಗೊಂದು ಉಪಾಯ ಹೂಡಿದರು. ಪ್ರತಿಯೊಬ್ಬ ಹುಡುಗಿಯ ತಂದೆಯೂ ಸ್ವಂತ ಹೊಣೆಯ ಮೇಲೆ ಕಳಿಸುತ್ತೇನೆ ಎಂದು ರುಜು ಮಾಡಿಕೊಡಬೇಕು, ಒಂದು ಕಡಿಮೆಯಾದರೂ ಬಸ್ಸಿಲ್ಲ. ಹೇಗೂ ಆಗುವುದಿಲ್ಲ ಎಂಬ ಧೈರ್ಯ ಅವರಿಗೆ. ಹುಡುಗಿಯರು ಮನೆಮನೆಯಲ್ಲಿ ಅತ್ತು, ಕರೆದು, ಊಟ ಬಿಟ್ಟು ರುಜು ತಂದರು. ಉಳಿದದ್ದು ಒಂದೇ ಪತ್ರ, ಸಿದ್ದಾಪುರದ ಹುಡುಗಿಯದು.

"ಅವಳೊಬ್ಬಳನ್ನ ಬಿಟ್ಟು ಹೋಗಿ ಮೇಡಂ, ನಾನೇ ಅನುಮತಿ ಕೊಡ್ತೀನಿ," ಎಂದರು ಕಾರ್ಯದರ್ಶಿಗಳು, ಬಹಳ ಉದಾರವಾಗಿ. ಅವಳಿಗಾಗಿಯೇ ಹೊರಟ ಬಸ್ಸು! ಅವಳಿಲ್ಲದೆ ಚಕ್ರ ತಿರುಗುವುದಿಲ್ಲ ಎಂದೆ.

ಆ ತಾಯಿಯ ಹತ್ತಿರ ಹೋಗಿ ಮಾತಾಡಲು ನನಗೆ ಧೈರ್ಯವಿರಲಿಲ್ಲ. ಗೇಟಿನ ಮಾತು ಇನ್ನೂ ಕಿವಿಯಲ್ಲಿತ್ತು. ಆದರೆ ಒಂದು ಮಧ್ಯಾಹ್ನ ಅವರೇ ಮಗಳನ್ನು ಮುಂದಿಟ್ಟುಕೊಂಡು ಬಂದು ಕಾರ್ಯದರ್ಶಿಗಳ ಮೇಜಿನೆದುರು ನಿಂತರು. ಜವಾನ ನನ್ನನ್ನೂ ಕರೆದ.

"ಅಪ್ಪನ ರುಜು ಎಲ್ಲಮ್ಮ?"

"ಅವನೆಲ್ಲವ್ನೋ ನಂಗೇ ಗೊತ್ತಿಲ್ಲ ಸಾರ್. ಸಿಕ್ಕಿದ್ರೆ ನೀವೇ ಹಾಕಿಸ್ಕೊಳ್ಳಿ."

"ತಾಯಿದು ನಡೆಯಲ್ಲಮ್ಮ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

"ಮೊನ್ನೆ ಮನೆಗೆ ನೀರು ನುಗ್ತಲ್ಲ ಸಾರ್, ಗೋಡೆ ಬಿತ್ತಲ್ಲ, ಅದಕ್ಕೆ ಯಾರು ಜವಾಬ್ದಾರಿ? ಇವಳು ಮನೇಲೇ ಇದ್ಲು. ಮನೇಲಿರಕ್ಕೆ ಯಾರ್ ರುಜು ಹಾಕಿದ್ರು?"

ಕಾರ್ಯದರ್ಶಿಗಳು ನನ್ನತ್ತ ನೋಡಿದರು, ನಾನೇ ಹೇಳಿಕೊಟ್ಟಿದ್ದೇನೆ ಎನ್ನುವಂತೆ. ದೇವರಾಣೆಗೂ ಇಲ್ಲ. ನನಗೆ ಅಷ್ಟು ನೆಟ್ಟಗೆ ಮಾತಾಡಲು ಬಂದಿದ್ದರೆ ಒಂದು ವರ್ಷ ಏಕೆ ಅಲೆಯುತ್ತಿದ್ದೆ?

"ರೇಷನ್ ಕಾರ್ಡಿಗೆ ನನ್ ಹೆಬ್ಬೆಟ್ಟು ನಡೀತದೆ. ಇವಳನ್ನ ಇದೇ ಕಾಲೇಜಿಗೆ ಸೇರ್ಸುವಾಗ ನಡೀತು. ಬಸ್ಸು ಹತ್ತಕ್ಕೆ ಮಾತ್ರ ನಡೆಯಲ್ವಾ ಸಾರ್?"

ಕಾರ್ಯದರ್ಶಿಗಳು ಇಂಕ್ ಪ್ಯಾಡಿಗಾಗಿ ಡ್ರಾಯರು ತಡಕಾಡಿದರು. ಅವರು ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಆ ತಾಯಿ 'ತಂದೆಯ ರುಜು' ಎಂದಿದ್ದ ಜಾಗದಲ್ಲೇ ಹೆಬ್ಬೆರಳನ್ನು ಒತ್ತಿ ಆಗಿತ್ತು. ಊದುಬತ್ತಿಯ ಹಿಟ್ಟಿನ ಕಪ್ಪು. "ಇಂಕು ಬೇಡ ಸಾರ್," ಎಂದರು. ಆ ಕಾಗದ ಸಂಜೆಯವರೆಗೂ ದೇವರ ಮನೆಯ ಹಾಗೆ ಘಮಘಮ ಎನ್ನುತ್ತಿತ್ತು.

ಹೊರಗೆ ಬಂದ ಮೇಲೆ ಅವರು ನನ್ನ ಮುಖ ನೋಡಿದರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಈ ಸಲ ತಂತೀನ ಸರ್ಯಾಗಿ ಕಳಿಸಿ ಮೇಡಂ," ಎಂದಷ್ಟೇ ಹೇಳಿ ಹೋದರು.

ಇಪ್ಪತ್ತೆಂಟು ಹುಡುಗಿಯರ ಬಸ್ಸು ಅದೇ ಘಾಟಿಯನ್ನು ಇಳಿಯಿತು. ಕುಸಿದ ತಿರುವಿಗೆ ಹೊಸ ಕಲ್ಲುಗೋಡೆ ಕಟ್ಟಿದ್ದರು. ಮಾರನೆಯ ದಿನ ನೇತ್ರಾವತಿ ಕಡಲು ಸೇರುವ ಕಡೆ ನಿಂತೆವು. ಉಳಿದವರೆಲ್ಲ ಲಂಗ ಎತ್ತಿಕೊಂಡು ಅಲೆಗೆ ಓಡಿದರು. ಅವಳು ಓಡಲಿಲ್ಲ. ನದಿಯ ಕೆಂಪು ನೀರು ಕಡಲಿನೊಳಗೆ ಎಷ್ಟೋ ದೂರ ಬೇರೆಯಾಗಿಯೇ ಹೋಗುತ್ತಿದ್ದುದನ್ನು ನೋಡುತ್ತ ನಿಂತಿದ್ದಳು. "ಮಿಸ್, ಹೋದ್ವರ್ಷ ನಮ್ಮನ್ನ ತಡೆದ ಮಣ್ಣು ಇದೇ ಅಲ್ವಾ? ನಮಗಿಂತ ಮುಂಚೇನೇ ಬಂದ್ಬಿಟ್ಟಿದೆ ನೋಡಿ." ಆಮೇಲೆ ಓಡಿದಳು. ನನ್ನ ಕಣ್ಣು ತುಂಬಿತು, ಉಪ್ಪುಗಾಳಿಯ ಮೇಲೆ ತಪ್ಪು ಹೊರಿಸಿದೆ.

ವಾಪಸು ಬರುವಾಗ ಹಾಸನ ದಾಟಿದ ಮೇಲೆ ಬಸ್ಸಿನ ಆಕ್ಸಲ್ ಮುರಿಯಿತು. ಶನಿವಾರ ಸಂಜೆಗೆ ತಲುಪಬೇಕಾದವರು ತಲುಪಿದ್ದು ಭಾನುವಾರ ಬೆಳಿಗ್ಗೆ. ನಾನು ಬುದ್ಧಿವಂತೆಯಂತೆ ಕೂಡಲೇ ಕಾಲೇಜಿಗೆ ತಂತಿ ಕೊಟ್ಟಿದ್ದೆ. ಅದೂ ಸಮಯಕ್ಕೆ ಸರಿಯಾಗಿಯೇ ತಲುಪಿತ್ತು. ಇಂಗ್ಲಿಷ್ ಓದಲು ಬಾರದ ವಾಚ್‌ಮನ್ ಅದನ್ನು ಸೋಮವಾರ ಕಾರ್ಯದರ್ಶಿಗಳಿಗೆ ಕೊಡಬೇಕೆಂದು ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ. ಗೇಟಿನಲ್ಲಿ ಮತ್ತೆ ಅದೇ ಗುಂಪು, ಅದೇ ಮುಖಗಳು.

ನಾನು ಇಳಿದ ಕೂಡಲೇ ಒಬ್ಬ ತಂದೆ ಬೆರಳು ಚಾಚಿಕೊಂಡು ಮುಂದೆ ಬಂದರು. "ಏನ್ರೀ ಇದು, ಪ್ರತಿ ಸಲಾನೂ? ನಿಮಗೂ ಮಕ್ಕಳಿದ್ದಿದ್ರೆ..."

ಅವರ ಹಿಂದಿನಿಂದ ಕಪ್ಪು ಹಿಡಿದ ಒಂದು ಕೈ ಗುಂಪನ್ನು ಸರಿಸಿತು. ಸಿದ್ದಾಪುರದ ತಾಯಿ ನನ್ನ ಪಕ್ಕಕ್ಕೆ ಬಂದು ನಿಂತರು.

"ಇದಾರಲ್ಲ ಸಾರ್, ಇಪ್ಪತ್ತೆಂಟು ಜನ," ಎಂದರು. "ಇಳೀತಾವ್ರೆ, ಎಣಿಸ್ಕೊಳ್ಳಿ."

ಆ ತಂದೆ ಚಾಚಿದ ಬೆರಳನ್ನು ಹಾಗೆಯೇ ಬಸ್ಸಿನ ಬಾಗಿಲ ಕಡೆಗೆ ತಿರುಗಿಸಿ, ನಿಜವಾಗಿಯೂ ಎಣಿಸತೊಡಗಿದರು.