ಭಾನುವಾರ ಸಿಗದ ಗಂಡ

ನನ್ನನ್ನು ಮದುವೆಯಾಗುವವರು ಅಮೆರಿಕದಲ್ಲಿ ಪೊಲೀಸ್ ಎಂದಾಗ ಮೈಸೂರಿನ ನಮ್ಮ ನೆಂಟರು ಒಬ್ಬರೂ ನಂಬಲಿಲ್ಲ. ಅಲ್ಲಿರುವವರೆಲ್ಲ ಕಂಪ್ಯೂಟರ್ ಮುಂದೆ ಕೂರುವವರೇ ಎಂದು ಅವರು ತಿಳಿದಿದ್ದರು. ನನ್ನ ದೊಡ್ಡಮ್ಮನಂತೂ, ಹುಡುಗನಿಗೆ ಓದು ತಲೆಗೆ ಹತ್ತಲಿಲ್ಲವೇನೋ ಎಂದು ಅಮ್ಮನನ್ನು ಮೆಲ್ಲಗೆ ಕೇಳಿದರಂತೆ. ಓದು ಚೆನ್ನಾಗಿಯೇ ಹತ್ತಿತ್ತು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಹುಬ್ಬಳ್ಳಿಯಿಂದ ಹ್ಯೂಸ್ಟನ್‌ಗೆ ಬಂದು, ಅಲ್ಲೇ ಕಾಲೇಜು ಮುಗಿಸಿ, ಡಲ್ಲಾಸ್ ಪಕ್ಕದ ಒಂದು ಊರಿನಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದವರು ಅವರು. ನನ್ನ ಮಾವನವರಿಗೆ ಹ್ಯೂಸ್ಟನ್‌ನಲ್ಲಿ ದಿನಸಿ ಅಂಗಡಿಯಿತ್ತು. ಶನಿವಾರ ಸಂಜೆ ಜನಜಂಗುಳಿಗೆ ಎಂದು ಬಾಗಿಲಲ್ಲಿ ಒಬ್ಬ ಪೊಲೀಸನನ್ನು ನಿಲ್ಲಿಸುತ್ತಿದ್ದರು. ಅತ್ತೆ ಕೊಟ್ಟ ಚುರುಮುರಿ ತಿನ್ನುತ್ತ ನಿಂತಿರುತ್ತಿದ್ದ ಆ ಎತ್ತರದ ಮನುಷ್ಯನನ್ನು ನೋಡಿಯೇ ಇವರಿಗೆ ಪೊಲೀಸಾಗುವ ಹುಚ್ಚು ಹಿಡಿದದ್ದು.

ಅಂಗಡಿ ಬಾಗಿಲಲ್ಲಿ ಪೊಲೀಸನಿಗೇನು ಕೆಲಸ ಎಂಬುದು ನನಗೆ ಮದುವೆಯಾಗಿ ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ತಿಳಿಯಿತು. ಇಲ್ಲಿನ ಪೊಲೀಸರು ತಮ್ಮ ಪಾಳಿ ಮುಗಿದ ಮೇಲೆ, ಇಲಾಖೆಯ ಒಪ್ಪಿಗೆ ಪಡೆದು, ಅದೇ ಸಮವಸ್ತ್ರದಲ್ಲಿ ಹೊರಗಿನವರ ಕೆಲಸಕ್ಕೂ ಹೋಗಬಹುದು. ಬ್ಯಾಂಕು, ರಸ್ತೆ ರಿಪೇರಿ, ಮದುವೆ ಹಾಲ್, ಚರ್ಚು, ಎಲ್ಲ ಕಡೆಯೂ ಅವರು ಬೇಕು. ಹ್ಯೂಸ್ಟನ್‌ನವರು ಅದನ್ನು ಎಕ್ಸ್‌ಟ್ರಾ ಜಾಬ್ ಎನ್ನುತ್ತಾರೆ, ನಮ್ಮ ಡಲ್ಲಾಸ್ ಕಡೆ ಆಫ್ ಡ್ಯೂಟಿ. ಮೊದಲ ವಾರ ಅವರು ಭಾನುವಾರ ಆಫ್ ಡ್ಯೂಟಿ ಎಂದಾಗ ನಾನು ರಜೆಯೆಂದುಕೊಂಡು ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದೆ. ಅವರು ಬೂಟು ಕಟ್ಟಿಕೊಂಡು ಹೊರಟೇಬಿಟ್ಟರು.

ಅವರು ಪೊಲೀಸಾಗಿದ್ದ ಊರಿನ ದೊಡ್ಡ ಚರ್ಚೊಂದರಲ್ಲಿ ಭಾನುವಾರದ ಪ್ರಾರ್ಥನೆಗೆ ಬರುವ ಕಾರುಗಳನ್ನು ರಸ್ತೆಯಿಂದ ಒಳಗೆ ಬಿಡುವುದು, ಮುಗಿದ ಮೇಲೆ ಹೊರಗೆ ಬಿಡುವುದು ಅವರ ಕೆಲಸ. ಬೆಳಿಗ್ಗೆ ಎರಡು ಪ್ರಾರ್ಥನೆ, ಮಧ್ಯಾಹ್ನ ಒಂದು. ಆ ಜಾಗಕ್ಕೆ ಕಾಯುತ್ತಿದ್ದವರು ಬಹಳ. ಒಂದು ವಾರ ಹೋಗಲಾಗದಿದ್ದರೆ ಬದಲಿಯನ್ನು ತಾವೇ ಹುಡುಕಿ ನಿಲ್ಲಿಸಬೇಕು. ಹೇಳದೆ ಕೇಳದೆ ಕೈಕೊಟ್ಟವರನ್ನು ಮತ್ತೆ ಕರೆಯುವುದಿಲ್ಲ. ನಾವು ಮನೆ ಕೊಳ್ಳಬೇಕಿತ್ತು, ಸಂಬಳವೊಂದರಲ್ಲಿ ಅದು ಆಗುವ ಮಾತಾಗಿರಲಿಲ್ಲ. ಹಾಗಾಗಿ ಹೋಗಬೇಡಿ ಎನ್ನಲು ನನಗೆ ಬಾಯಿರಲಿಲ್ಲ.

ಆದರೆ ಆಸೆಗೆ ಅದೆಲ್ಲ ತಿಳಿಯುತ್ತದೆಯೇ. ವಾರವಿಡೀ ಅವರ ಪಾಳಿ, ನನ್ನ ಆಫೀಸು. ಉಳಿದದ್ದು ಭಾನುವಾರ, ಅದು ದೇವರ ಪಾಲು, ಅದೂ ಬೇರೆಯವರ ದೇವರ ಪಾಲು. ಕೆಲವು ಭಾನುವಾರ ನಾನು ಕಾರು ತೆಗೆದುಕೊಂಡು ಅದೇ ರಸ್ತೆಗೆ ಹೋಗುತ್ತಿದ್ದೆ. ಪ್ರಾರ್ಥನೆಗೆ ಬಂದವರ ಸಾಲಿನಲ್ಲಿ ನನ್ನದೂ ಒಂದು ಕಾರು. ಅವರು ಅಂಗೈ ತೋರಿಸಿ ನಿಲ್ಲಿಸುತ್ತಿದ್ದರು. ನಾನು ಸ್ಟೀರಿಂಗ್ ಹಿಡಿದುಕೊಂಡು ನನ್ನ ಗಂಡನನ್ನೇ ಕಣ್ತುಂಬ ನೋಡುತ್ತಿದ್ದೆ. ಆಮೇಲೆ ಕೈ ಬೀಸಿ ಹೋಗು ಎನ್ನುತ್ತಿದ್ದರು. ಮುಂದೆ ಹೋಗಿ ಯೂ ಟರ್ನ್ ಮಾಡಿ ಮತ್ತೆ ಸಾಲು ಹಿಡಿಯುತ್ತಿದ್ದೆ. ಒಮ್ಮೆ ಮೂರನೇ ಸಲ ಬಂದಾಗ ಕಿಟಕಿಯ ಹತ್ತಿರ ಬಗ್ಗಿ, ಇಂಗ್ಲಿಷಿನಲ್ಲಿ, ದಾರಿ ತಪ್ಪಿದೆಯಾ ಮೇಡಂ ಎಂದು ಕೇಳಿದರು. ಹೌದು ಎಂದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ನಮ್ಮ ಕನ್ನಡ ಕೂಟದವರು ಇನ್ನೂ ಚೆನ್ನಾಗಿ ಮಾಡಿದರು. ರಾಜ್ಯೋತ್ಸವಕ್ಕೆ ಬಾಡಿಗೆ ಹಿಡಿದ ಶಾಲೆಯ ಸಭಾಂಗಣಕ್ಕೆ ಒಬ್ಬ ಪೊಲೀಸ್ ಕಡ್ಡಾಯವಂತೆ. ನಮ್ಮವರೇ ಒಬ್ಬರಿರುವಾಗ ಬೇರೆಯವರೇಕೆ ಎಂದು ಇವರನ್ನೇ ಕರೆದರು. ಕಾರ್ಯಕ್ರಮ ನೋಡಿದ ಹಾಗೂ ಆಯಿತು, ಕೆಲಸವೂ ಆಯಿತಲ್ಲ ಎಂದು ಒಬ್ಬ ಆಂಟಿ ನನಗೆ ಉಪಕಾರ ಮಾಡಿದವರ ಹಾಗೆ ಹೇಳಿದರು. ಅಲ್ಲಿಂದ ಯುಗಾದಿ, ಗಣೇಶ ಎಲ್ಲಕ್ಕೂ ಅದೇ ಪದ್ಧತಿಯಾಯಿತು. ನಾನು ರೇಷ್ಮೆ ಸೀರೆ ಉಟ್ಟು ಒಳಗೆ, ಪಕ್ಕದ ಕುರ್ಚಿಯಲ್ಲಿ ನನ್ನ ಹ್ಯಾಂಡ್‌ಬ್ಯಾಗು. ಅವರು ಬಾಗಿಲ ಹೊರಗೆ, ಯಾರೋ ಪೇಪರ್ ತಟ್ಟೆಯಲ್ಲಿ ಕೊಟ್ಟ ಬಿಸಿಬೇಳೆಬಾತ್ ಹಿಡಿದುಕೊಂಡು. ನನಗೆ ಅವರು ಪಕ್ಕದಲ್ಲಿ ಬೇಕಿತ್ತು. ಒಂದೇ ಒಂದು ಸಮಾರಂಭದಲ್ಲಿ, ನಾಲ್ಕು ಜನರ ಎದುರಿಗೆ, ಗಂಡ ಹೆಂಡತಿಯಾಗಿ ಕೂರಬೇಕಿತ್ತು.

ಅಂಥದೊಂದು ದಿನ ನನ್ನ ತಂಗಿಯ ಮದುವೆಯಲ್ಲಿ ಬರುವುದಿತ್ತು. ಅವಳು ನಮ್ಮಿಂದ ಕಾರಿನಲ್ಲಿ ಮೂರು ಗಂಟೆ ದೂರದ ಆಸ್ಟಿನ್‌ನಲ್ಲಿ, ದ ಡೊಮೇನ್ ಎಂಬ ಬಡಾವಣೆಯ ಒಂದು ಆಫೀಸಿನಲ್ಲಿದ್ದಳು. ಮದುವೆ ಅಲ್ಲೇ ಹತ್ತಿರದ ಹೋಟೆಲಿನಲ್ಲಿ. ನಮ್ಮ ಅಪ್ಪ ತೀರಿಕೊಂಡಿದ್ದರು. ಅಮ್ಮನೇ ಧಾರೆಗೆ ಕೂರಲಿ ಎಂದು ನಾನು ಫೋನಿನಲ್ಲಿ ವಾರಗಟ್ಟಲೆ ಜಗಳವಾಡಿದೆ. ಅಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಧಾರೆಗೆ ದಂಪತಿ ಬೇಕು, ಅಕ್ಕ ಭಾವ ಇರುವಾಗ ನಾನೇಕೆ ಎಂದರು. ಸಿಟ್ಟು ಬಂತು. ಅದರೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಧಾರೆಯಲ್ಲಿ ಅವರು ನನ್ನ ಪಕ್ಕದಲ್ಲಿ ಇರಲೇಬೇಕು. ಹ್ಯಾಂಡ್‌ಬ್ಯಾಗು ಕೂರಿಸಿ ಧಾರೆ ಎರೆಯಲಾಗುವುದಿಲ್ಲ.

ಶನಿವಾರ ಸಂಜೆಯಿಂದ ಮದುವೆ ಎಂದು ದಿನಾಂಕ ಹೇಳಿದ್ದೆ. ಬದಲಿ ಸಿಕ್ಕಿದ್ದಾನೆ ಎಂದೂ ಅವರು ಹೇಳಿದ್ದರು. ಶನಿವಾರ ಸಂಜೆ ವರಪೂಜೆ, ಆರತಕ್ಷತೆ ಎಲ್ಲ ಚೆನ್ನಾಗಿ ಆಯಿತು. ಸೂಟು ಹಾಕಿಕೊಂಡು ಎಲ್ಲರ ಕೈ ಕುಲುಕಿದರು, ಊಟ ಹೊಗಳಿದರು. ಐಸ್‌ಕ್ರೀಮ್ ಮುಗಿಸಿ, ಮದುವೆ ಬಾಳ ಚಲೋ ಆತು, ಇನ್ನು ಬೆಳಿಗ್ಗೆ ಕತ್ತಲಲ್ಲೇ ಚರ್ಚಿನ ಕೆಲಸಕ್ಕೆ ಹೊರಡುತ್ತೇನೆ ಎಂದರು. ನಾನು ತಮಾಷೆಯೆಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಹ್ಯೂಸ್ಟನ್‌ನಲ್ಲಿ ಬೆಳೆದ ಮನುಷ್ಯ. ಗೆಳೆಯರ ಮದುವೆಗಳಲ್ಲಿ ದೀಪ, ಹೂವು, ಊಟ ಎಂದರೆ ಅದೇ ಮದುವೆ. ನಮ್ಮ ಮದುವೆಯಲ್ಲಿ ಮುಹೂರ್ತವೊಂದೇ ಇತ್ತು, ಹಿಂದಿನ ಸಂಜೆ ಏನೂ ಇರಲಿಲ್ಲ. ವರಪೂಜೆಗೆ ಕೂತದ್ದನ್ನೇ ಅವರು ಧಾರೆಯೆಂದುಕೊಂಡಿದ್ದರು. ನಮ್ಮವರಿಗೆ ಸಂಜೆಯದು ಬರಿಯ ಸಂಭ್ರಮ, ನಿಜವಾದ ಮದುವೆ ಮಾರನೆಯ ಬೆಳಿಗ್ಗೆ ಎಂದು ಬಿಡಿಸಿ ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಅವರು ಬದಲಿ ಹಿಡಿದಿದ್ದದ್ದು ಶನಿವಾರದ ಕೆಲಸಕ್ಕೆ ಮಾತ್ರ.

ಅವರು ಹೋಟೆಲಿನ ಲಾಬಿಯಲ್ಲಿ ಕೂತು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಭಾನುವಾರ ಬೆಳಿಗ್ಗೆ ಎಲ್ಲ ಪೊಲೀಸರಿಗೂ ಅವರವರ ಚರ್ಚುಗಳಿದ್ದವು, ಕೆಲವರಿಗೆ ಕೆಲಸಕ್ಕೆ, ಕೆಲವರಿಗೆ ಪ್ರಾರ್ಥನೆಗೆ. ಅತ್ತ ನಮ್ಮ ಚಿಕ್ಕಪ್ಪ, ತೊಂದರೆಯಿಲ್ಲ, ನಾನೂ ನಿಮ್ಮ ಚಿಕ್ಕಮ್ಮನೂ ಕೂರುತ್ತೇವೆ ಎಂದು ಪಂಚೆಯ ಅಂಚು ಸರಿಮಾಡಿಕೊಳ್ಳತೊಡಗಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಗಂಡನ ಎದುರಿಗೆ ಹೋಗಿ ನಿಂತೆ. ನನ್ನ ಮುಖ ನೋಡಿ ಅವರು ಇನ್ನೊಂದು ನಂಬರ್ ಒತ್ತಿದರು. ಕೊನೆಗೆ ಒಬ್ಬ, ಬೆಳಗಿನ ಎರಡು ಪ್ರಾರ್ಥನೆಗೆ ನಿಲ್ಲುತ್ತೇನೆ, ಮಧ್ಯಾಹ್ನದ್ದು ನನ್ನಿಂದಾಗದು ಎಂದ. ಧಾರೆ ಮುಗಿದ ಕೂಡಲೇ ಹೊರಟರೆ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಊಟ ಇಲ್ಲ, ಫೋಟೋ ಇಲ್ಲ. ಧಾರೆಯೊಂದು ನನ್ನದು.

ಬೆಳಿಗ್ಗೆ ಪಂಚೆ ಉಡಲು ಬರದೆ ಒದ್ದಾಡಿದರು. ನಾನು ಉಡಿಸಿದ್ದು ನಿಲ್ಲಲಿಲ್ಲ. ಚಿಕ್ಕಪ್ಪನೇ ಬಂದು ಕಟ್ಟಿಕೊಟ್ಟರು. ಅದರ ಮೇಲೂ ಭರವಸೆಯಿಲ್ಲದೆ ಅವರು ಡ್ಯೂಟಿಯ ಕಪ್ಪು ಬೆಲ್ಟನ್ನು ಬಿಗಿದರು, ಮೇಲೆ ಶಲ್ಯ ಮುಚ್ಚಿದರು. ಇಸ್ತ್ರಿ ಮಾಡಿದ ಸಮವಸ್ತ್ರ ಕಾರಿನ ಹಿಂದಿನ ಕಿಟಕಿಯಲ್ಲಿ ತೂಗುತ್ತಿತ್ತು. ಕಾರನ್ನು ಹೋಟೆಲಿನ ಬಾಗಿಲಿಗೇ ತಂದು ನಿಲ್ಲಿಸಿದ್ದರು.

ಇಬ್ಬರೂ ಮಣೆಯ ಮೇಲೆ ಕೂತೆವು. ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಕುತ್ತಿತ್ತು. ಎದುರಿಗೆ ಇನ್ನೂರು ಜನ, ಯಾರೂ ನಮ್ಮನ್ನು ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ತಂಗಿಯ ಮೇಲೆ. ನನಗೆ ಮಾತ್ರ ನನ್ನದೇ ಮದುವೆ ಮತ್ತೆ ಆಗುತ್ತಿರುವಂತಿತ್ತು. ಧಾರೆಯ ಹೊತ್ತಿಗೆ ಎದ್ದು ನಿಂತೆವು. ವಧೂವರರ ಕೈಗಳ ಮೇಲೆ ತೆಂಗಿನಕಾಯಿ ಇಟ್ಟು ನನ್ನ ಗಂಡ ಎರಡೂ ಕೈಗಳಿಂದ ಹಿಡಿದರು. ಅದರ ಮೇಲೆ ನಾನು ಗಿಂಡಿಯಿಂದ ನೀರು ಎರೆಯಬೇಕು. ಪುರೋಹಿತರು ಮಂತ್ರ ಹೇಳುತ್ತಾ ಕಣ್ಣಲ್ಲೇ ಸನ್ನೆ ಮಾಡಿದರು.

ಎರೆಯಲು ಕೈ ಬರಲಿಲ್ಲ. ಗಿಂಡಿ ಬರಿದಾದರೆ ಅವರು ಹೊರಟರು. ಬಗ್ಗಿಸಿದೆ, ನೂಲಿನಷ್ಟು ಸಣ್ಣಗೆ. ನೀರು ಕಾಯಿಯ ಮೇಲೆ ಬಿದ್ದು ಅವರ ಬೆರಳುಗಳ ಸಂದಿಯಿಂದ ಇಳಿಯುತ್ತಿತ್ತು. ಮಂತ್ರ ಮುಗಿಯಿತು, ನೀರು ಮುಗಿಯಲಿಲ್ಲ. ವಾಲಗದ ರೆಕಾರ್ಡಿಂಗ್ ಹಾಕಲು ಕಾದಿದ್ದವನು ನನ್ನನ್ನೇ ನೋಡುತ್ತಿದ್ದ. ಪುರೋಹಿತರು, "ಸಾಕಮ್ಮ, ಪೂರ್ತಿ ಹಾಕ್ಬಿಡಿ" ಎಂದರು. ತಂಗಿ ಮುಸುಮುಸು ನಕ್ಕಳು. ನಾನು ಗಿಂಡಿಯನ್ನು ಇನ್ನಷ್ಟು ಓರೆ ಮಾಡಲಿಲ್ಲ.

ನನ್ನ ಗಂಡ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಪುರೋಹಿತರಿಗೂ ಕೇಳುವ ಹಾಗೆಯೇ ಹೇಳಿದರು.

"ಸಾವಕಾಶ ಹಾಕು. ಅವಸರ ಏನೂ ಇಲ್ಲ."