ನನ್ನ ಮಡಿಲಿಗೆ ಬಾರದ ಚೀಲ

ಬೆಳಿಗ್ಗೆ ಶೃಂಗೇರಿ ಬಸ್ಸಿನಲ್ಲಿ ಕುಳಿತವರೆಲ್ಲರ ಮಡಿಲಲ್ಲೂ ನಿಂತವರ ಚೀಲಗಳಿದ್ದವು. ನನ್ನದೊಂದೇ ಖಾಲಿ.

ಸ್ನೇಹಿತರೇ, ಮೈಸೂರಿನಲ್ಲಿ ಓದು ಮುಗಿಸಿ ನಮ್ಮೂರು ಹರಿಹರಪುರಕ್ಕೆ ಮರಳಿದ ನನಗೆ ಇವತ್ತು ಶೃಂಗೇರಿಯ ಕಾಲೇಜಿನಲ್ಲಿ ಪಾಠ ಮಾಡುವ ಮೊದಲ ದಿನ. ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಕೆಸುವಿನ ಸೊಪ್ಪಿನ ಚೀಲವನ್ನು ನನ್ನ ತಲೆಯ ಮೇಲಿಂದ ಕಿಟಕಿಯ ಬಳಿ ಕುಳಿತವಳಿಗೆ ದಾಟಿಸಿದಳು.

“ಇವ್ರ ಹತ್ರಾನೇ ಕೊಡ್ಬಹುದಿತ್ತಲ್ಲ?” ಎಂದಳು ಕಿಟಕಿಯವಳು.

“ಬ್ಯಾಡ ಮಾರಾಯ್ತಿ, ದೇವಸ್ಥಾನಕ್ಕೆ ಬಂದೋರು. ಪಾಪ, ಬಟ್ಟೆ ಮಣ್ಣಾಗ್ತದೆ.”

ನಾನೂ ಇಲ್ಲಿಯವಳೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರ್ ಕೂಗಿದ, “ಮೇಡಂ, ದೇವಸ್ಥಾನ ಬಂತು, ಇಳೀರಿ!”

ನಿಂತವರೆಲ್ಲ ಸರಿದು ದಾರಿ ಬಿಟ್ಟರು; ಅಲ್ಲವೆನ್ನಲು ನಾಚಿ ಇಳಿದೇಬಿಟ್ಟೆ. ಕಾಲೇಜು ಇನ್ನೂ ಮುಂದಿತ್ತು, ಒಬ್ಬಳೇ ನಡೆದೆ.

ನಾಳೆ ಯಾರಾದರೂ ಕೇಳುವ ಮೊದಲೇ ಕೈ ಚಾಚುತ್ತೇನೆ. ಚೀಲಕ್ಕೆ ಮಣ್ಣು ಮೆತ್ತಿದ್ದರೆ ಇನ್ನೂ ಒಳ್ಳೆಯದು.